ಗಾಡಿ ಹೆಣ್ಣು, ಕನ್ನಡಿ ಗಂಡು!

ಅರಸೀಕೆರೆ ಜಂಕ್ಷನ್ನಿನಲ್ಲಿ ಕನ್ನಡದ ರೈಲು 'ಬರುತ್ತಿದೆ'. ಹಿಂದಿಯ ಗಾಡಿ 'ಆ ರಹೀ ಹೈ'. ಗಾಡಿ ಒಂದೇ, ಭಾಷೆ ಬದಲಾದೊಡನೆ ಹೆಣ್ಣು!

ಬೇಲೂರಿನಲ್ಲಿ ಸ್ಪೇನಿನ ಪ್ರವಾಸಿಗೆ ದರ್ಪಣಸುಂದರಿಯನ್ನು ತೋರಿಸಲು ಸ್ಪ್ಯಾನಿಷ್ ಕಲಿಯುವ ಗೈಡಿಗೂ ಇದೇ ಪೇಚು. ಕಲ್ಲು 'ಲಾ ಪಿಯೆದ್ರಾ', ಹೆಣ್ಣು; ಕನ್ನಡಿ 'ಎಲ್ ಎಸ್ಪೇಹೊ', ಗಂಡು. ಹಾಗಾದರೆ 'ಆ' ಹೆಣ್ಣು, 'ಓ' ಗಂಡು ಎನ್ನೋಣವೇ? ಬಹುಮಟ್ಟಿಗೆ ಸರಿ. ಆದರೆ ಕೈ ಎಂಬ 'ಮಾನೊ' ಹೆಣ್ಣು, ದಿನವೆಂಬ 'ದಿಯಾ' ಗಂಡು!

ಹಳೇಬೀಡು ದೋರಸಮುದ್ರವಾಗಿ ಮೆರೆದ 13ನೇ ಶತಮಾನದಲ್ಲೇ ಕೇಶಿರಾಜ 'ಶಬ್ದಮಣಿದರ್ಪಣ'ದಲ್ಲಿ ಕನ್ನಡದ ಲಿಂಗಗಳನ್ನು ವಿವರಿಸಿದ. ಕನ್ನಡದಲ್ಲಿ ಲಿಂಗ ಅರ್ಥದ ಬೆನ್ನಿಗೆ. ಸ್ಪ್ಯಾನಿಷಿನಲ್ಲಿ ಪದದ ಬೆನ್ನಿಗೆ. ಕಾರಣ ಹುಡುಕದೆ 'ಎಲ್', 'ಲಾ' ಸಮೇತ ಬಾಯಿಪಾಠ ಮಾಡುವುದೇ ದಾರಿ.

ತಪ್ಪಿದರೆ ನಾಚಿಕೆಯೇಕೆ? ಶಿಲಾಬಾಲಿಕೆಯ ಮುಂದೆ ನಿಂತ ಕನ್ನಡಿಗನೂ ಕಲ್ಲನ್ನು 'ಅವಳು' ಎನ್ನುವುದಿಲ್ಲವೆ?