ಗೋಲಿಗೂ ನಮಗೂ ನಾಲ್ಕೇ ಕಿಲೋಮೀಟರ್!

ಹೋದ ವರ್ಷ ನಮ್ಮೂರ ಫುಟ್‌ಬಾಲ್ ತಂಡದ ಆಟ ನೋಡಿದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತು. ಗೋಲು ಬಿಟ್ಟುಕೊಡುವುದರಲ್ಲಿ ನಮ್ಮವರು ಜಿಪುಣರು. ಹೊಡೆಯುವುದರಲ್ಲಿ ಅದಕ್ಕಿಂತ ದೊಡ್ಡ ಜಿಪುಣರು! ಹಿಂದಿನ ಸಾಲು ಬಂಡೆಗಲ್ಲು, ಗೋಲಿಯೂ ಪರವಾಗಿಲ್ಲ. ಆದರೆ ಮುಂದಿನ ಸಾಲಿಗೆ ಚೆಂಡು ಹೋಯಿತು ಅಂದರೆ ಬಾವಿಗೆ ಬಿದ್ದ ಕೊಡದ ಹಾಗೆ, ವಾಪಸ್ ಬರುವ ಮಾತೇ ಇಲ್ಲ. ಸೊನ್ನೆ-ಸೊನ್ನೆ, ಇಲ್ಲವೇ ಒಂದು ಗೋಲಿನ ಸೋಲು. ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಒಬ್ಬರು ಹೇಳಿದ್ದರು: “ಇವರ ಆಟ ನೋಡೋದಕ್ಕಿಂತ ರೇಷನ್ ಕ್ಯೂನಲ್ಲಿ ನಿಲ್ಲೋದು ವಾಸಿ ಸಾರ್, ಅಲ್ಲಿ ಕೊನೇಗೆ ಏನಾದ್ರೂ ಸಿಗುತ್ತೆ.”

ಆ ಮಾತನ್ನು ಈಗ ವಾಪಸ್ ತೆಗೆದುಕೊಳ್ಳಬೇಕಾಗಬಹುದು. ಕಳೆದ ಮೂರು ವಾರ ಸಂಜೆ ಸಂಜೆ ಮೈದಾನದ ಕಡೆ ಹೋಗಿ ನಾವೇ ಕಣ್ಣಾರೆ ನೋಡಿದ್ದೇವೆ. ಹೊಸ ಹುಡುಗರು ಬಂದಿದ್ದಾರೆ. ಎಡಗಡೆ ಓಡುವವನು ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುವ ಹುಡುಗ. ಬಲಗಡೆಯವನು ಕಾಲೇಜು ವಿದ್ಯಾರ್ಥಿ. ನಡುವೆ ನಿಂತು ಬೆನ್ನು ಕೊಟ್ಟು ಚೆಂಡು ಹಿಡಿಯುವವನು ಮಂಡಿಯಲ್ಲಿ ಮೂಟೆ ಹೊರುವವರ ಮಗ. ಅವನ ಬೆನ್ನ ಹಿಂದೆ ಇನ್ನೊಬ್ಬ ಸಣ್ಣ ಹುಡುಗ, ಮೀಸೆ ಇನ್ನೂ ಚಿಗುರಿಲ್ಲ, ಚೆಂಡು ಕಾಲಿಗೆ ಅಂಟಿಸಿಕೊಂಡೇ ಹುಟ್ಟಿದ ಹಾಗಿದ್ದಾನೆ. ಹೆಸರು ಯಾಕೆ ಬರೆಯಲಿಲ್ಲ ಅಂತ ಕೇಳಬೇಡಿ. ತರಬೇತಿ ಕೊಡುವ ಮೇಷ್ಟ್ರು ಕೈಮುಗಿದು ಹೇಳಿದ್ದಾರೆ: “ಗೋಲು ಹೊಡೆಯೋಕೆ ಮುಂಚೆ ಪೇಪರಿನಲ್ಲಿ ಹೆಸರು ಬಂದ್ರೆ ಹುಡುಗ್ರು ಕೆಡ್ತಾರಪ್ಪ. ಹೊಡೆದ ಮೇಲೆ ಹಾಕು, ಫೋಟೋನೂ ಹಾಕು.” ಮೇಷ್ಟ್ರ ಮಾತು ಮೀರುವ ಧೈರ್ಯ ನಮಗಿಲ್ಲ.

ಒಬ್ಬೊಬ್ಬನನ್ನೇ ನೋಡಿದರೆ ಇವರಿಗಿಂತ ಜೋರಾದವರು ಹಿಂದೆಯೂ ಇದ್ದರು. ಈಗಿನ ವಿಶೇಷ ಅದಲ್ಲ. ಇವರಲ್ಲಿ ಒಬ್ಬ ಓಡಿದರೆ ಇನ್ನೊಬ್ಬನಿಗೆ ಜಾಗ ಆಗುತ್ತದೆ. ನಡುವಿನವನು ಚೆಂಡು ಬೇಕು ಅನ್ನುವವನ ಹಾಗೆ ಕೆಳಗೆ ಇಳಿದು ಬರುತ್ತಾನೆ. ಅವನನ್ನು ಕಾಯುವ ಎದುರಾಳಿ ಅಂಟಿಕೊಂಡೇ ಬರುತ್ತಾನೆ. ಅವನು ಬಿಟ್ಟುಬಂದ ಜಾಗಕ್ಕೆ ಟೈರ್ ಅಂಗಡಿ ಹುಡುಗ ಅಡ್ಡಡ್ಡ ನುಗ್ಗುತ್ತಾನೆ. ಸಣ್ಣ ಹುಡುಗನ ಪಾಸ್ ಅಲ್ಲಿಗೇ ಬೀಳುತ್ತದೆ. ಪಿ.ಯು.ಸಿ. ಅರ್ಧಕ್ಕೇ ಬಿಟ್ಟ ನಮಗೆ ತ್ರಿಕೋನ ಅಂದರೇನು ಅಂತ ಸರಿಯಾಗಿ ತಿಳಿದದ್ದು ಈ ಮೈದಾನದಲ್ಲೇ.

ಇದರಲ್ಲಿ ಒಂದೇ ಒಂದು ಕ್ಷಣ ಹೆಚ್ಚು ಕಡಿಮೆಯಾದರೂ ಕೆಲಸ ಕೆಟ್ಟಿತು. ಪಾಸ್ ಕೊಡುವ ಗಳಿಗೆಯಲ್ಲಿ ಎದುರಾಳಿಯ ಅರ್ಧದಲ್ಲಿರುವ ನಮ್ಮವನು ಚೆಂಡಿಗಿಂತಲೂ, ಎದುರಾಳಿಗಳ ಪೈಕಿ ಕೊನೆಯಿಂದ ಎರಡನೆಯವನಿಗಿಂತಲೂ ಮುಂದೆ ಇದ್ದರೆ ಲೈನ್ಸ್‌ಮನ್ ಬಾವುಟ ಎತ್ತುತ್ತಾನೆ. ಆಫ್‌ಸೈಡ್! ಮೊದಲೇ ಓಡಿದರೂ ತಪ್ಪು, ತಡ ಮಾಡಿದರೂ ತಪ್ಪು. ಕೊಡುವವನ ಕಾಲು ಯಾವಾಗ ಏಳುತ್ತದೆ ಅಂತ ಓಡುವವನಿಗೆ ಗೊತ್ತಿರಬೇಕು. ಇದು ಹೇಳಿಕೊಟ್ಟು ಬರುವುದಲ್ಲ, ನಾಲ್ಕೂ ಜನ ಒಟ್ಟಿಗೆ ಆಡಿ ಆಡಿ ಬರಬೇಕು.

ದೊಡ್ಡವರ ಕತೆಯೂ ಇದೇ. ಬೆಂಗಳೂರಿನ ಅಹಮದ್ ಖಾನ್ ಹೆಸರು ಹಳಬರಿಗೆ ಗೊತ್ತು. 1948, 1952 ಎರಡೂ ಒಲಿಂಪಿಕ್ಸ್ ತಂಡದಲ್ಲಿ ಇದ್ದವರು. ಕಲ್ಕತ್ತೆಯ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ವೆಂಕಟೇಶ್, ಅಪ್ಪಾರಾವ್, ಧನರಾಜ್, ಸಾಲೆ ಜೊತೆ ಅವರು ಐದನೆಯವರಾಗಿ ಆಡುತ್ತಿದ್ದರು. ಆ ಐವರ ಮುಂಸಾಲಿಗೆ ಅಲ್ಲಿನ ಜನ ಪಂಚಪಾಂಡವರು ಅಂತಲೇ ಹೆಸರಿಟ್ಟಿದ್ದರು. 1949, 1950, 1951, ಮೂರು ವರ್ಷ ಸತತವಾಗಿ ಐ.ಎಫ್.ಎ. ಶೀಲ್ಡ್ ಆ ಕ್ಲಬ್ಬಿಗೇ ಹೋಯಿತು. ಐದು ಬೆರಳು ಕೂಡಿದ್ದಕ್ಕೆ ಮುಷ್ಟಿಯಾಯಿತು. ನಮ್ಮ ಸಾರಂಗಪಾಣಿ ರಾಮನ್ 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸ್ ಮೇಲೆ ಗೋಲು ಹೊಡೆದರಲ್ಲ, ಅವರೂ ಬೆಂಗಳೂರಿನವರೇ. ಆ ಪಂದ್ಯದಲ್ಲಿ ನಮ್ಮವರು ಬಹಳ ಮಂದಿ ಬರಿಗಾಲಿನಲ್ಲೇ ಆಡಿದರು. ಎರಡು ಪೆನಾಲ್ಟಿ ಕೈತಪ್ಪಿ 1-2ರಲ್ಲಿ ಸೋತರು.

ತೀರಾ ಹಳೇ ಕತೆ ಬೇಡ ಅನ್ನುವವರಿಗೆ 2023 ಇದೆ. ಮೈಸೂರು ರಾಜ್ಯದ ಹೆಸರಿನಲ್ಲಿ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದವರು ನಾವು. ಕೊನೆಯದು 1968-69ರಲ್ಲಿ. ಆಮೇಲೆ ರಾಜ್ಯದ ಹೆಸರು ಬದಲಾಯಿತು, ಕಪ್ ಮಾತ್ರ ಬರಲಿಲ್ಲ. 54 ವರ್ಷ! ಅಪ್ಪ ಕಾದ, ಮಗ ಕಾದ. 2023ರ ಮಾರ್ಚ್ 4ರಂದು ಸೌದಿ ಅರೇಬಿಯಾದ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ ಎಂಬ ಹೆಸರಿನಲ್ಲಿ ಮೊದಲ ಸಲ ಕಪ್ ಎತ್ತಿದರು. ಸುನಿಲ್ ಕುಮಾರ್, ಬೇಕೆ ಓರಮ್, ರಾಬಿನ್ ಯಾದವ್, ಮೂರು ಗೋಲು, ಮೂರು ಜನ. ಒಬ್ಬನನ್ನೇ ನಂಬಿಕೊಂಡು ಗೆದ್ದ ಪಂದ್ಯ ಅಲ್ಲ ಅದು. ಅದರ ಮರುವರ್ಷ ಕಪ್ ಸರ್ವಿಸಸ್ ಪಾಲಾಯಿತು, ಅದರ ಮುಂದಿನ ಸಲ ಬಂಗಾಳದ ಪಾಲು. ಗೆದ್ದ ದಿನ ಪಟಾಕಿ ಹೊಡೆದವರು ಮಾರನೇ ದಿನ ಮೈದಾನದ ಕಡೆ ತಿರುಗಿ ನೋಡದಿದ್ದರೆ ಇನ್ನೇನಾಗುತ್ತದೆ?

ಈಗ ನಮ್ಮೂರಿಗೆ ಬರೋಣ.

ದಿನಾ ಅಭ್ಯಾಸ ಶುರುವಾಗುವುದು 5 ಗಂಟೆಗೆ. ಅದಕ್ಕೆ ಮುಂಚೆ ಟೈರ್ ಅಂಗಡಿಯ ಹುಡುಗನಿಗೆ ಬಿಡುವಿಲ್ಲ. ಮೊದಲರ್ಧ ಗಂಟೆ ಓಟ, ಬಸ್ಕಿ. ನಾಲ್ವರೂ ಒಟ್ಟಿಗೆ ಚೆಂಡು ಮುಟ್ಟುವುದು ಐದೂವರೆ ಮೇಲೆ. ಐದೂ ಮುಕ್ಕಾಲಿಗೆ ಸರಿಯಾಗಿ ಇಬ್ಬರು ಬ್ಯಾಗು ಎತ್ತಿಕೊಂಡು ಬಸ್ ಸ್ಟ್ಯಾಂಡ್ ಕಡೆ ಓಡುತ್ತಾರೆ, ಕಾಲೇಜು ಹುಡುಗ ಮತ್ತು ಆ ಸಣ್ಣ ಹುಡುಗ. ಇಬ್ಬರದೂ ಒಂದೇ ಹಳ್ಳಿ, ಕ್ರಾಸಿನಿಂದ ಒಳಗೆ ನಾಲ್ಕು ಕಿಲೋಮೀಟರ್. ಅವರ ಬಸ್ಸು 6ಕ್ಕೆ. ಅದು ತಪ್ಪಿದರೆ ಎಂಟೂವರೆ. ಅಂದರೆ ಮುಂದಿನ ಸಾಲು ಅಂತ ನಾವು ಇಷ್ಟು ಹೊತ್ತು ಕೊಂಡಾಡಿದ್ದು ದಿನಕ್ಕೆ ಹದಿನೈದು ನಿಮಿಷ ಮಾತ್ರ ಮುಂದಿನ ಸಾಲು! ಉಳಿದ ಹೊತ್ತು ಇಬ್ಬರು ಮೈದಾನದಲ್ಲಿ, ಇಬ್ಬರು ಫುಟ್‌ಬೋರ್ಡಿನಲ್ಲಿ.

ಬಸ್ಸನ್ನೇ ಆರೂವರೆಗೆ ಮಾಡಿಸಿ ಅಂತ ಕೆಲವರು ಅರ್ಜಿ ಬರೆಯಲು ಹೊರಟಿದ್ದಾರೆ. ನಾವು ಒಪ್ಪುವುದಿಲ್ಲ. ಆ ಬಸ್ಸಿನಲ್ಲಿ ನಾವೂ ಹೋಗಿ ನೋಡಿದ್ದೇವೆ. ಮುಕ್ಕಾಲು ಪಾಲು ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಮನೆಗೆ ಹೋಗಿ ಒಲೆ ಹಚ್ಚಬೇಕಾದವರು. ಒಬ್ಬ ತಾಯಿ ನಮ್ಮ ಮುಖಕ್ಕೇ ಹೇಳಿದರು: “ನಿಮ್ಮ ಆಟಕ್ಕೆ ನಮ್ಮ ಮಕ್ಳು ಹಸ್ಕೊಂಡಿರಬೇಕಾ ಸ್ವಾಮಿ?” ಉತ್ತರ ಇರಲಿಲ್ಲ. ಎಂಟೂವರೆಯದನ್ನು ಹಿಂದಕ್ಕೆ ತನ್ನಿ ಅಂದರೆ ಅಂಗಡಿ ಬಾಗಿಲು ಹಾಕಿ ಹೊರಡುವ ಕೆಲಸದವರು ಏನು ಮಾಡಬೇಕು? ಪೇಟೆ ಬೀದಿಯ ಯಜಮಾನರೇ, ನಿಮ್ಮ ಅಂಗಡಿ ಹುಡುಗರೇ ಅದರಲ್ಲಿ ಹೋಗುವುದು.

ಆದರೆ ದಿನಾ ಓಡಾಡುವವರಿಗೆ ಗೊತ್ತಿರುವ ಇನ್ನೊಂದು ಬಸ್ಸಿದೆ. 6.40ಕ್ಕೆ ಹೊರಟು ಕ್ರಾಸ್‌ವರೆಗೆ ಹೋಗುತ್ತದೆ. ಅಲ್ಲಿ ಹುಣಸೇಮರದ ಕೆಳಗೆ ಇಪ್ಪತ್ತು ನಿಮಿಷ ನಿಂತು, ಡ್ರೈವರ್ ಕಂಡಕ್ಟರ್ ಬೀಡಿ ಸೇದಿ, ಖಾಲಿಯಾಗಿಯೇ ವಾಪಸ್ ಬರುತ್ತದೆ. ಆ ಇಪ್ಪತ್ತು ನಿಮಿಷದಲ್ಲಿ ನಾಲ್ಕು ಕಿಲೋಮೀಟರ್ ಒಳಗೆ ಹೋಗಿ ಬರಬಹುದು. ರಸ್ತೆ ಡಾಂಬರಿನದೇ, ಬೆಳಗಿನ ಬಸ್ಸು ಹೋಗುತ್ತದೆ. ಆಟಗಾರರು ಇಬ್ಬರೇ ಇರಬಹುದು, ಆದರೆ ಆ ಹಳ್ಳಿಯಿಂದ ಟ್ಯೂಷನ್ನಿಗೆ ಬರುವ ಹೆಣ್ಣುಮಕ್ಕಳು ಈಗ ಕ್ರಾಸಿನಲ್ಲಿ ಇಳಿದು ಕತ್ತಲಲ್ಲಿ ನಡೆಯುತ್ತಿದ್ದಾರೆ. ಅವರಿಗೂ ಬಸ್ಸಾಯಿತು. ಡಿಪೋದವರನ್ನು ಕೇಳಿದಾಗ “ಮೇಲಿನವರಿಗೆ ಬರೆದಿದ್ದೇವೆ” ಅಂದರು. ಮೇಲಿನವರು ಅಂದರೆ ಎಷ್ಟು ಮೇಲೆ ಅಂತ ಕೇಳಿದರೆ ನಕ್ಕರು. ನಗುವುದು ಸುಲಭ. ಲೀಗ್ ಶುರುವಾಗುವುದು ಮಳೆ ನಿಂತ ಮೇಲೆ, ಅಷ್ಟರೊಳಗೆ ಆ ಕಾಗದ ಕೆಳಗಿಳಿದು ಬರಬೇಕು.

ಮೈದಾನದ ಮಾತೂ ಒಂದಿಷ್ಟು ಇದೆ. ಹೋದ ಸಲ ವಸ್ತುಪ್ರದರ್ಶನದವರು ಪೆಂಡಾಲ್ ಕಿತ್ತುಕೊಂಡು ಹೋದರು, ಗುಂಡಿಗಳನ್ನು ಮಾತ್ರ ನಮಗೇ ಬಿಟ್ಟುಹೋದರು. ಒಬ್ಬ ಹುಡುಗನ ಪಾದ ಅದರಲ್ಲೇ ಉಳುಕಿ ಹದಿನೈದು ದಿನ ಕೂತ. ಮಣ್ಣು ತುಂಬಿಸಲು ಒಂದು ಟ್ರಾಕ್ಟರ್ ಲೋಡು ಸಾಕು. ಗಣೇಶನಿಗೆ, ರಾಜ್ಯೋತ್ಸವದ ಆರ್ಕೆಸ್ಟ್ರಾಕ್ಕೆ ರಸೀದಿ ಹರಿಸಿಕೊಳ್ಳುವ ನಮ್ಮ ವ್ಯಾಪಾರಸ್ಥರು ಮನಸ್ಸು ಮಾಡಿದರೆ ಇದು ಒಂದು ಬೆಳಗಿನ ಕೆಲಸ. ಟೈರ್ ಅಂಗಡಿಯ ಮಾಲೀಕರು ಆಗಲೇ ತಮ್ಮ ಹುಡುಗನಿಗೆ ಬೂಟು ಕೊಡಿಸಿದ್ದಾರೆ, ಯಾರಿಗೂ ಹೇಳಬೇಡಿ ಅಂದಿದ್ದಾರೆ. ನಾವು ಹೇಳಿಬಿಟ್ಟೆವು, ಕ್ಷಮಿಸಲಿ.

ಕಪ್ ಗೆಲ್ಲುತ್ತಾರೆ ಅಂತ ನಾವು ಬರೆದುಕೊಡುವುದಿಲ್ಲ. ನಡುವಿನ ಹುಡುಗನಿಗೆ ಎಡಗಾಲು ಇದ್ದೂ ಇಲ್ಲದ ಹಾಗೆ. ಕಾಲೇಜು ಹುಡುಗ ಚೆಂಡು ಸಿಕ್ಕರೆ ಕೊಡುವುದು ಮರೆಯುತ್ತಾನೆ, ಮೇಷ್ಟ್ರು ಕೂಗಿ ಕೂಗಿ ಗಂಟಲು ಕಟ್ಟಿಕೊಂಡಿದ್ದಾರೆ. ಆದರೂ ಹೋದ ವರ್ಷದ ಸೊನ್ನೆಗಳನ್ನು ಕಂಡ ಕಣ್ಣಿಗೆ ಈ ನಾಲ್ವರು ಗೋಲಿನ ವಾಸನೆ ಹಿಡಿದವರ ಹಾಗೆ ಕಾಣುತ್ತಿದ್ದಾರೆ.

ಬರುವ ಶನಿವಾರ ನಾಲ್ಕೂವರೆಗೆ ಅಭ್ಯಾಸ ಪಂದ್ಯ. ಟೈರ್ ಅಂಗಡಿಯವರು ಅವತ್ತು ಹುಡುಗನನ್ನು ಬೇಗ ಬಿಡುತ್ತಾರಂತೆ. ಟಿಕೆಟ್ಟಿಲ್ಲ. ಸಂತೆಗೆ ಬಂದವರು ಚೀಲ ಗೋಡೆ ಪಕ್ಕ ಇಟ್ಟುಕೊಂಡು ನೋಡಬಹುದು. ಗೋಲ್‌ಪೋಸ್ಟಿನ ಹಿಂದೆ ಮಾತ್ರ ಇಡಬೇಡಿ, ಬಲೆ ಹರಿದಿದೆ.