ಒಂದೇ ಲ್ಯಾಪ್‌ಟಾಪ್, ಎರಡು ಜಾಲ

ಹಗಲು ನಂಜನಗೂಡಿನ ಕಾರ್ಖಾನೆಯಲ್ಲಿ ಲೆಕ್ಕ ಬರೆದ ಲ್ಯಾಪ್‌ಟಾಪೇ ರಾತ್ರಿ ತಿ. ನರಸೀಪುರದ ಮನೆಯ ವೈಫೈಗೂ ಸೇರುವುದು ನಮ್ಮ ಸಣ್ಣ ಉದ್ಯಮಿಗಳಲ್ಲಿ ರೂಢಿಯಾಗಿದೆ. ಮತ್ತೊಂದನ್ನು ಕೊಳ್ಳಿರೆಂದು ನಾನು ಹೇಳಲಾರೆ. ಆದರೆ 2017ರ ಮೇ ತಿಂಗಳಿನಲ್ಲಿ ವಾನಾಕ್ರೈ ಎಂಬ ಕುತಂತ್ರಾಂಶವು ಒಂದು ಗಣಕದಿಂದ ಅದೇ ಜಾಲದ ಇತರ ಗಣಕಗಳಿಗೆ ತಾನಾಗಿಯೇ ಹರಡಿ ಕಡತಗಳನ್ನು ತೆರೆಯಲಾಗದಂತೆ ಮಾಡಿದ್ದನ್ನು ಮರೆಯಬಾರದು. ಮನೆಯಲ್ಲಿ ತಗುಲಿದ ಇಂತಹ ಸೋಂಕು ಮರುದಿನವೇ ಕಾರ್ಖಾನೆಯನ್ನು ಮುಟ್ಟೀತು.

ಜಿ.ಎಸ್.ಟಿ. ಕಾಯಿದೆಯ 36ನೆಯ ಕಲಮಿನಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡತಕ್ಕದ್ದು. ‘ವೈರಸ್ ಬಂತು’ ಎಂಬ ಸಮಜಾಯಿಷಿಯನ್ನು ನೆಚ್ಚಿ ಕೂರಲಾಗದು.

ಆದ್ದರಿಂದ ಮನೆಯ ಜಾಲವನ್ನು ವಿಂಡೋಸ್‌ನಲ್ಲಿ ‘ಪಬ್ಲಿಕ್’ ಎಂದೇ ಗುರುತಿಸಿರಿ. ಮಕ್ಕಳಿಗೆ ಪ್ರತ್ಯೇಕ ಯೂಸರ್ ಖಾತೆ ಮಾಡಿಕೊಡಿರಿ. ವಾರಕ್ಕೊಮ್ಮೆ ಲೆಕ್ಕದ ಪ್ರತಿಯನ್ನು ಬೇರೊಂದು ಹಾರ್ಡ್‌ಡಿಸ್ಕಿಗೆ ಇಳಿಸಿ, ಅದನ್ನು ಕಳಚಿ ಬೀರುವಿನಲ್ಲಿಡಿರಿ. ಒಂದೇ ಲ್ಯಾಪ್‌ಟಾಪ್ ಸಾಕೆನ್ನುವವರು ಇಷ್ಟನ್ನಾದರೂ ತಪ್ಪದೆ ಪಾಲಿಸಬೇಕು.