ಚರ್ಮ ಬಿಟ್ಟರಷ್ಟೇ ಸಾಲದು: ಮಳೆಗಾಲದ ಬೂಟು ಮತ್ತು ನಮ್ಮ ಅಹಿಂಸೆ

ಚಾತುರ್ಮಾಸ ಸಮೀಪಿಸಿದಂತೆ ನಮ್ಮ ಮನೆಗಳಲ್ಲಿ ಎರಡು ಬಗೆಯ ಸಿದ್ಧತೆಗಳು ಆರಂಭವಾಗುತ್ತವೆ. ಒಂದು ವ್ರತನಿಯಮಗಳದು, ಇನ್ನೊಂದು ಮಳೆಯದು. ಮಳೆಯಲ್ಲಿ ಹುಟ್ಟುವ ಅಸಂಖ್ಯಾತ ಜೀವಿಗಳು ಕಾಲ ಕೆಳಗೆ ಸಿಲುಕಬಾರದೆಂದು ಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೆಡೆ ನೆಲೆಸುತ್ತಾರೆ. ಗೃಹಸ್ಥರಾದ ನಮಗೆ ಆ ಅವಕಾಶವಿಲ್ಲ. ಉದ್ಯೋಗ, ಶಾಲೆ, ಜಿನಮಂದಿರ ಎಂದು ತಿರುಗಲೇಬೇಕು. ಆದ್ದರಿಂದ ಅಹಮದಾಬಾದ್, ವಡೋದರಾ, ಸೂರತ್‌ಗಳಲ್ಲಿ ನೆಲೆಸಿರುವ ಕನ್ನಡ ಜೈನ ಕುಟುಂಬಗಳು ಈ ದಿನಗಳಲ್ಲಿ ಮಳೆಕೋಟು, ನೀರಿಳಿಯದ ಬೂಟು, ಬೆನ್ನುಚೀಲಗಳನ್ನು ಕೊಳ್ಳುತ್ತವೆ. ಕೊಳ್ಳುವಾಗ ನಾವು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇದರಲ್ಲಿ ಚರ್ಮವಿದೆಯೇ? ಇಲ್ಲವೆಂಬ ಉತ್ತರ ದೊರೆತರೆ ನಿಶ್ಚಿಂತರಾಗುತ್ತೇವೆ. ಆ ಪ್ರಶ್ನೆ ಯೋಗ್ಯವಾದುದೇ. ಆದರೆ ಇಂದಿನ ಕಾಲಕ್ಕೆ ಅದು ಸಾಲದು.

ಪಾದರಕ್ಷೆಗೆ ನೀರು ಇಳಿಯದಂತೆ ಮಾಡುವ ವಿದ್ಯೆ ಬಹುಮಟ್ಟಿಗೆ ಬೇಟೆಗಾರ, ಸೈನಿಕ ಮತ್ತು ನಾವಿಕರ ಅಗತ್ಯದಿಂದ ಬೆಳೆದದ್ದು. ಜೌಗಿನಲ್ಲಿ ಗಂಟೆಗಟ್ಟಲೆ ನಿಂತು ಹಕ್ಕಿಗೆ ಗುರಿಯಿಡುವವನಿಗೆ ಒಣಗಿದ ಕಾಲು ಬೇಕಿತ್ತು. ಅವನ ಬೂಟಿಗೆ ಬಳಿಯುತ್ತಿದ್ದ ಡಬ್ಬಿನ್ ಎಂಬ ಮುಲಾಮು ಪ್ರಾಣಿಯ ಕೊಬ್ಬು, ಎಣ್ಣೆ ಮತ್ತು ಮೇಣಗಳ ಮಿಶ್ರಣ. ಮಿಂಕ್ ಎಂಬ ಸಣ್ಣ ಪ್ರಾಣಿಯ ಕೊಬ್ಬಿನಿಂದ ತೆಗೆದ ಎಣ್ಣೆಯೂ, ದನದ ಕಾಲಿನ ಮೂಳೆಗಳಿಂದ ತೆಗೆದ ಎಣ್ಣೆಯೂ ಇದೇ ಕೆಲಸಕ್ಕೆ ಬಳಕೆಯಾಗುತ್ತಿದ್ದವು, ಇಂದಿಗೂ ಮಾರಾಟಕ್ಕಿವೆ. ಬೇಟೆಯನ್ನು ಸಪ್ತವ್ಯಸನಗಳಲ್ಲಿ ಒಂದೆಂದು ತೊರೆದ ಸಮಾಜಕ್ಕೆ ಈ ಸರಕು ದೂರವೇ ಆಗಿತ್ತು. ಆದರೆ ಇಂದು ಪೋಳೋ ಅರಣ್ಯಕ್ಕೋ ಸಾಪುತಾರಾಕ್ಕೋ ಚಾರಣ ಹೊರಡುವ ನಮ್ಮ ಮಕ್ಕಳು ಅಂತರ್ಜಾಲದಲ್ಲಿ ಹುಡುಕಿದರೆ ಕಣ್ಣಿಗೆ ಬೀಳುವ ಅತ್ಯುತ್ತಮ ಬೂಟು, ಜಾಕೆಟ್‌ಗಳು ‘ಹಂಟಿಂಗ್ ಗೇರ್’ ಎಂಬ ಹೆಸರಿನವು. ಬಟ್ಟೆ ಪಾಲಿಯೆಸ್ಟರ್, ಅಟ್ಟೆ ರಬ್ಬರ್, ಚರ್ಮವಿಲ್ಲ, ಕೊಬ್ಬಿಲ್ಲ. ಬೇಟೆಗಾರನ ಉಡುಪು ಅಹಿಂಸಕವಾಯಿತೆಂದು ನಾವು ಭಾವಿಸುತ್ತೇವೆ.

ನೀರಿನ ಹನಿ ಮುತ್ತಿನಂತೆ ಜಾರಿಹೋಗುವ ಆ ಮೇಲ್ಮೈಯ ಗುಟ್ಟೇನು? ಕಳೆದ ಶತಮಾನದ ಮಧ್ಯಭಾಗದಿಂದ ಈ ಲೇಪನಗಳಲ್ಲಿ ಬಳಕೆಗೆ ಬಂದದ್ದು ಪಿಎಫ್‌ಎಎಸ್ ಎಂದು ಕರೆಯಲಾಗುವ ಫ್ಲೋರಿನ್ ಸಂಯುಕ್ತಗಳು. ಇಂಗಾಲ ಮತ್ತು ಫ್ಲೋರಿನ್‌ಗಳ ನಡುವಣ ಬಂಧ ರಸಾಯನಶಾಸ್ತ್ರದಲ್ಲಿ ಅತ್ಯಂತ ಬಲವಾದವುಗಳಲ್ಲಿ ಒಂದು. ಬಿಸಿಲು, ಮಣ್ಣು, ಸೂಕ್ಷ್ಮಾಣುಗಳು ಅದನ್ನು ಸುಲಭವಾಗಿ ಮುರಿಯಲಾರವು. ಲೇಪನ ಹಚ್ಚುವಾಗ ಕಾರ್ಖಾನೆಯ ನೀರಿನೊಡನೆ, ಬಳಸುವಾಗ ಸವೆತದೊಡನೆ, ಒಗೆಯುವಾಗ ಮೋರಿಯ ನೀರಿನೊಡನೆ ಅದರ ಅಂಶಗಳು ಹೊರಬೀಳುತ್ತವೆ, ಹೊರಬಿದ್ದದ್ದು ಉಳಿದುಕೊಳ್ಳುತ್ತದೆ. ಇವುಗಳಲ್ಲಿ ಹಲವು ಮೀನಿನಲ್ಲಿ, ಮೀನು ತಿನ್ನುವ ಪ್ರಾಣಿಯಲ್ಲಿ, ಮನುಷ್ಯನ ರಕ್ತದಲ್ಲಿ ಸಂಗ್ರಹವಾಗುತ್ತವೆ. ಈ ಗುಂಪಿನ ಪಿಎಫ್‌ಒಎ ಮನುಷ್ಯರಲ್ಲಿ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2023ರಲ್ಲಿ ವರ್ಗೀಕರಿಸಿತು.

ನಾವಿರುವ ಮೂರು ನಗರಗಳಿಗೂ ಇದು ದೂರದ ಸಂಗತಿಯಲ್ಲ. ಸೂರತ್ ದೇಶದ ಕೃತಕ ನೂಲಿನ ಬಟ್ಟೆಯ ರಾಜಧಾನಿ. ಪಾಂಡೇಸರಾ, ಸಚಿನ್‌ಗಳ ಸಂಸ್ಕರಣಾ ಘಟಕಗಳಲ್ಲಿ ಬಟ್ಟೆಗೆ ಬಣ್ಣವೂ ಲೇಪನವೂ ಸೇರುತ್ತವೆ. ವಡೋದರಾ ಸುತ್ತಣ ಕೈಗಾರಿಕೆಗಳ ತ್ಯಾಜ್ಯನೀರು 50 ಕಿಲೋಮೀಟರಿಗೂ ಉದ್ದದ ಕಾಲುವೆಯಲ್ಲಿ ಖಂಭಾತ್ ಕೊಲ್ಲಿಗೆ ಹರಿಯುತ್ತದೆ. ಸಾಬರಮತಿಯ ಮಾಲಿನ್ಯವನ್ನು ಕಂಡು ಗುಜರಾತ್ ಉಚ್ಚ ನ್ಯಾಯಾಲಯವೇ 2021ರಲ್ಲಿ ಸ್ವಯಂಪ್ರೇರಿತವಾಗಿ ವಿಚಾರಣೆ ಆರಂಭಿಸಬೇಕಾಯಿತು. ಸಾಮೂಹಿಕ ಶುದ್ಧೀಕರಣ ಘಟಕಗಳಲ್ಲಿ ಸಾಮಾನ್ಯವಾಗಿ ಅಳೆಯುವುದು ಆಮ್ಲತೆ, ಬಣ್ಣ, ಬಿಒಡಿ, ಸಿಒಡಿ ಮುಂತಾದವನ್ನು. ಫ್ಲೋರಿನ್ ಸಂಯುಕ್ತಗಳು ಈ ಪರೀಕ್ಷೆಗಳಿಗೆ ಸಿಕ್ಕುವುದಿಲ್ಲ, ಘಟಕದ ಸೂಕ್ಷ್ಮಾಣುಗಳಿಗೆ ಜೀರ್ಣವೂ ಆಗುವುದಿಲ್ಲ. ವಿಶ್ವಾಮಿತ್ರಿಯಲ್ಲಿ ನಗರದ ನಡುವೆಯೇ ಬದುಕುತ್ತಿರುವ ನೂರಾರು ಮೊಸಳೆಗಳನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಗಾರನಿಂದ ಕಾಪಾಡುತ್ತದೆ. ಅವು ಈಜುವ ನೀರನ್ನು ಕಾಪಾಡುವವರು ಯಾರು?

ಇಲ್ಲಿ ನಮ್ಮ ಶಾಸ್ತ್ರಕಾರರ ವಿವೇಚನೆ ದಾರಿ ತೋರುತ್ತದೆ. ಅವರು ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸಿದರು. ಬೇಟೆ ಸಂಕಲ್ಪಿ ಹಿಂಸೆ. ಗೃಹಸ್ಥನಿಗೂ ಸರ್ವಥಾ ವರ್ಜ್ಯ. ಹಿಟ್ಟಿನ ಕೋಳಿಯ ಬಲಿಯೂ ಸಂಕಲ್ಪದ ದೋಷದಿಂದ ಭವಭವಗಳ ದುಃಖಕ್ಕೆ ಕಾರಣವಾಯಿತೆಂದು 1209ರಲ್ಲೇ ಜನ್ನ ‘ಯಶೋಧರ ಚರಿತೆ’ಯಲ್ಲಿ ನಿರೂಪಿಸಿದ. ಬಟ್ಟೆಯ ಉದ್ಯಮದಲ್ಲಿ ಆಗುವುದು ಉದ್ಯೋಗಿ ಹಿಂಸೆ. ಜೀವನೋಪಾಯಕ್ಕಾಗಿ ಅನಿವಾರ್ಯವಾದಷ್ಟನ್ನು ಮಾತ್ರ ಗೃಹಸ್ಥನಿಗೆ ಸಹಿಸಲಾಗಿದೆ. ಆದರೆ ಹಿಂಸೆಯ ಬೇರು ಪ್ರಮಾದದಲ್ಲಿದೆ ಎಂಬುದನ್ನು ತತ್ತ್ವಾರ್ಥಸೂತ್ರ ಬಲ್ಲವರೆಲ್ಲರೂ ಬಲ್ಲರು. ತಿಳಿಯದೆ ಬಳಸಿದ ಕಾಲ ಕಳೆಯಿತು. ತಿಳಿದ ಮೇಲೂ ವಿಚಾರಿಸದೆ ಮಾರುವುದು, ವಿಚಾರಿಸದೆ ಕೊಳ್ಳುವುದು ಪ್ರಮಾದವಲ್ಲದೆ ಮತ್ತೇನು?

ನೀರನ್ನು ಗಾಳಿಸಿ ಕುಡಿಯುವುದು ಜೈನರ ಮನೆಯ ಗುರುತು. ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ತಂದ ಬಾವಿಗೇ ಮರಳಿ ಬಿಡುವಷ್ಟು ಸೂಕ್ಷ್ಮ ನಮ್ಮ ಹಿರಿಯರದು. ಅದೇ ಮನೆಯಿಂದ ಯಾವ ಬಟ್ಟೆಯೂ ಗಾಳಿಸಲಾರದ ವಿಷವನ್ನು ನದಿಗೆ ಕಳುಹಿಸಿದರೆ, ಉಳಿಯುವುದು ಆಚಾರದ ಆಕಾರ ಮಾತ್ರ.

ಕಾನೂನಿನ ಸ್ಥಿತಿಯನ್ನೂ ನೋಡಬೇಕು. ಸ್ಟಾಕ್‌ಹೋಮ್ ಒಪ್ಪಂದದ ನಿರ್ಬಂಧಪಟ್ಟಿಗೆ ಪಿಎಫ್‌ಒಎಸ್ 2009ರಲ್ಲಿ, ಪಿಎಫ್‌ಒಎ 2019ರಲ್ಲಿ ಸೇರಿದವು. ಭಾರತದ ಕೇಂದ್ರ ಸಂಪುಟ 2020ರಲ್ಲಿ ಒಪ್ಪಂದದ ಏಳು ರಾಸಾಯನಿಕಗಳ ಸೇರ್ಪಡೆಗೆ ಅನುಮೋದನೆ ನೀಡಿತು. ಆ ಏಳರಲ್ಲಿ ಇವೆರಡೂ ಇರಲಿಲ್ಲ. ಇತ್ತ ಫ್ರಾನ್ಸ್ 2025ರ ಕಾನೂನಿನ ಮೂಲಕ ಉಡುಪು, ಪಾದರಕ್ಷೆ ಮತ್ತು ಅವುಗಳಿಗೆ ಹಚ್ಚುವ ಜಲನಿರೋಧಕಗಳಲ್ಲಿ ಪಿಎಫ್‌ಎಎಸ್ ಬಳಕೆಯನ್ನು 2026ರ ಜನವರಿಯಿಂದ ನಿಷೇಧಿಸಲು ನಿರ್ಧರಿಸಿತು. ಕ್ಯಾಲಿಫೋರ್ನಿಯಾದ ನಿಷೇಧ ಉಡುಪುಗಳಿಗೆ 2025ರಿಂದಲೇ ಅನ್ವಯಿಸಿತು. ತೀವ್ರ ಮಳೆಯಲ್ಲಿ ಬಳಸುವ ಹೊರಾಂಗಣ ಉಡುಪಿಗೆ ಮಾತ್ರ 2028ರವರೆಗೆ ಕಾಲಾವಕಾಶ ಕೊಟ್ಟಿತು. ಇದರಿಂದ ಒಂದು ಅಪಾಯವಿದೆ: ರಫ್ತಿಗೆ ಶುದ್ಧ ಸರಕು, ನಮ್ಮ ಊರಿಗೆ ಹಳೆಯ ಸರಕು. ಪ್ಯಾರಿಸ್ಸಿನ ಮಗುವಿಗೆ ಬೇಡವಾದದ್ದು ಸೂರತ್ತಿನ ಮಗುವಿಗೆ ಸಾಕೆನ್ನುವ ವ್ಯಾಪಾರನೀತಿಯನ್ನು ಯಾವ ಸರ್ಕಾರವೂ ಸಹಿಸಬಾರದು.

ಪರ್ಯಾಯವಿಲ್ಲವೆಂಬ ವಾದ ನಿಲ್ಲುವುದಿಲ್ಲ. ಫ್ಲೋರಿನ್ ಲೇಪನದ ವಿಶೇಷ ನೀರನ್ನಷ್ಟೇ ಅಲ್ಲ, ಎಣ್ಣೆಯನ್ನೂ ದೂರವಿಡುವುದು. ಶಾಲೆಗೆ ಹೋಗುವ ಮಗುವಿನ ಕೋಟಿಗೆ ಎಣ್ಣೆಯ ಭಯವಿಲ್ಲ. ಮಳೆಯನ್ನು ತಡೆಯಲು ಪ್ಯಾರಾಫಿನ್ ಮೇಣ ಅಥವಾ ಸಿಲಿಕೋನ್ ಆಧಾರಿತ ಲೇಪನ ಸಾಕು. ಕ್ಯಾನ್ವಾಸ್ ಬೂಟಿಗೆ ಪ್ಯಾರಾಫಿನ್ ಮೇಣವನ್ನು ಉಜ್ಜಿ, ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿ ಹಿಡಿದರೆ ಮೇಣ ನೂಲಿನೊಳಗೆ ಇಳಿಯುತ್ತದೆ. ಜೇನುಮೇಣ ನಮಗೆ ವರ್ಜ್ಯವಾದ್ದರಿಂದ ಡಬ್ಬಿಯ ಮೇಲಿನ ಬರಹವನ್ನು ಓದಿ ಕೊಳ್ಳಬೇಕು. ಈ ಲೇಪನ ಬೇಗ ಸವೆಯುತ್ತದೆ, ಮತ್ತೆ ಹಚ್ಚಬೇಕಾಗುತ್ತದೆ ಎಂಬುದು ನಿಜ. ನಗರದ ನೀರು ನಿಂತ ಬೀದಿಗೆ ರಬ್ಬರಿನ ಗಂಬೂಟೇ ಸಾಕು. ಅದಕ್ಕೆ ಯಾವ ಲೇಪನವೂ ಬೇಡ. ಮಲೆನಾಡು, ಕರಾವಳಿಗಳ ನಮ್ಮ ಹಿರಿಯರು ಗೊರಬು, ಕಂಬಳಿಕೊಪ್ಪೆಗಳಲ್ಲಿ ಇದಕ್ಕಿಂತ ದೊಡ್ಡ ಮಳೆಯನ್ನು ಕಳೆದವರು.

ಆದರೆ ಮನೆಯ ಮಟ್ಟದ ಆಯ್ಕೆಯಿಂದಲೇ ನದಿ ಶುದ್ಧವಾಗದು. ಬಟ್ಟೆಯ ವ್ಯಾಪಾರದಲ್ಲಿರುವ ಶ್ರಾವಕರು ಲೇಪನದಲ್ಲಿ ಫ್ಲೋರಿನ್ ಇದೆಯೇ ಎಂದು ಸರಬರಾಜುದಾರರಿಂದ ಲಿಖಿತ ಉತ್ತರ ಪಡೆಯಲಿ. ಅಹಮದಾಬಾದಿನ ಆಟಿರಾ ಸಂಶೋಧನಾ ಸಂಸ್ಥೆಯನ್ನು 1947ರಲ್ಲಿ ಕಟ್ಟಿದವರಲ್ಲಿ ಜೈನ ಮನೆತನಗಳ ಕಸ್ತೂರಭಾಯಿ ಲಾಲಭಾಯಿ, ವಿಕ್ರಮ್ ಸಾರಾಭಾಯಿ ಇದ್ದರು. ಉದ್ಯಮಕ್ಕೆ ವಿಜ್ಞಾನ ಬೇಕೆಂದು ಅವರು ನಂಬಿದ್ದರು. ಆ ಪರಂಪರೆಗೆ ವಾರಸುದಾರರಾದ ಸಂಘಗಳು ಮೂರು ಬೇಡಿಕೆಗಳನ್ನು ರಾಜ್ಯದ ಮುಂದಿಡಬೇಕು: ಜಲನಿರೋಧಕ ಸರಕಿನ ಮೇಲೆ ಲೇಪನದ ವಿವರ ಕಡ್ಡಾಯವಾಗಲಿ; ತ್ಯಾಜ್ಯನೀರಿನ ಪರೀಕ್ಷೆಯಲ್ಲಿ ಪಿಎಫ್‌ಎಎಸ್ ಸೇರಲಿ; ಫಲಿತಾಂಶ ಜನರಿಗೆ ತಿಳಿಯಲಿ. ಮತ ಕೇಳಲು ಬಂದವರು ಪಾಂಜರಾಪೋಳಕ್ಕೆ ದೇಣಿಗೆ ಘೋಷಿಸಿದರೆ ತೃಪ್ತರಾಗುವ ನಾವು, ನದಿಯ ಬಗ್ಗೆಯೂ ಅವರನ್ನು ಪ್ರಶ್ನಿಸಬೇಕು.

ಹೇಮಚಂದ್ರಾಚಾರ್ಯರ ಉಪದೇಶದಿಂದ 12ನೆಯ ಶತಮಾನದಲ್ಲಿ ಕುಮಾರಪಾಲ ಇದೇ ನೆಲದಲ್ಲಿ ಅಮಾರಿ ಘೋಷಿಸಿ ಪ್ರಾಣಿವಧೆಯನ್ನು ತಡೆದ. ಅಂದಿನ ಹಿಂಸೆ ಬಾಣದಲ್ಲಿತ್ತು, ಕತ್ತಿಯಲ್ಲಿತ್ತು, ಕಣ್ಣಿಗೆ ಕಾಣುತ್ತಿತ್ತು. ಇಂದಿನದು ಕಣ್ಣಿಗೆ ಕಾಣದೆ ನೀರಿನಲ್ಲಿ ಕರಗಿದೆ. ಈ ಚಾತುರ್ಮಾಸದಲ್ಲಿ ಅಂಗಡಿಯ ಮುಂದೆ ನಿಂತಾಗ ಹಳೆಯ ಪ್ರಶ್ನೆಯ ಜೊತೆಗೆ ಇನ್ನೊಂದನ್ನೂ ಕೇಳೋಣ: ಇದರ ಮೇಲೆ ಹಚ್ಚಿರುವುದೇನು?